ಕೋಣೆಯಲ್ಲಿ ಕೂಡಿ ಬರುವ ಕ್ವಾರ್ಟೆಟ್ ವೇದಿಕೆಯಲ್ಲಿ ಏಕೆ ಚದುರುತ್ತದೆ?

ಪ್ರಶ್ನೆ: ನಾವು ನಾಲ್ವರು, ವಯಸ್ಸು 17ರಿಂದ 20. ಎಂಟು ತಿಂಗಳಿಂದ ಸ್ಟ್ರಿಂಗ್ ಕ್ವಾರ್ಟೆಟ್ ಆಗಿ, ಅಂದರೆ ಎರಡು ವಯಲಿನ್, ಒಂದು ವಯೋಲ, ಒಂದು ಚೆಲ್ಲೊದ ತಂಡವಾಗಿ, ಒಟ್ಟಿಗೆ ನುಡಿಸುತ್ತಿದ್ದೇವೆ. ನಾನು ಚೆಲ್ಲೊ ನುಡಿಸುತ್ತೇನೆ. ಇನ್ನು ಆರು ವಾರಕ್ಕೆ ಒಂದು ಸಂಗೀತೋತ್ಸವದಲ್ಲಿ, ಯುವ ತಂಡಗಳ ಕಛೇರಿಯಲ್ಲಿ, ನಮಗೆ 35 ನಿಮಿಷ ಕೊಟ್ಟಿದ್ದಾರೆ. ಹೈಡನ್‌ನ ಓಪಸ್ 76ರ (ಓಪಸ್ ಎಂದರೆ ರಚನೆಗಳ ಕ್ರಮಸಂಖ್ಯೆ) 2ನೇ ಕ್ವಾರ್ಟೆಟ್ ಕೃತಿ, ಬೀಥೋವನ್‌ನ ಓಪಸ್ 18ರ 4ನೇ ಕ್ವಾರ್ಟೆಟ್ ಎರಡನ್ನೂ ತಯಾರು ಮಾಡಿದ್ದೇವೆ. ಕಳೆದ ವಾರ ಎತ್ತರದ ಚಾವಣಿ, ಮರದ ವೇದಿಕೆ ಇರುವ ಸಭಾಂಗಣವೊಂದರಲ್ಲಿ ಸುಮಾರು ಅರವತ್ತು ಜನರ ಮುಂದೆ ನುಡಿಸಿ ನೋಡಿದೆವು. ಕೋಣೆಯಲ್ಲಿ ಚೆನ್ನಾಗಿ ಬರುತ್ತಿದ್ದದ್ದು ಅಲ್ಲಿ ಚದುರಿಹೋಯಿತು. ಬೀಥೋವನ್‌ನ ಕೊನೆಯ ಭಾಗ ಶುರುವಿನಿಂದಲೇ ಓಡತೊಡಗಿ, ಪ್ರೆಸ್ಟಿಸ್ಸಿಮೊ (ಅತಿ ವೇಗದ ಕೊನೆಯ ತುಣುಕು) ಬರುವಷ್ಟರಲ್ಲಿ ಏರಿಸಲು ವೇಗವೇ ಉಳಿದಿರಲಿಲ್ಲ. ಟ್ಯೂನರ್ (ಶ್ರುತಿ ಅಳೆಯುವ ಉಪಕರಣ) ನೋಡಿಯೇ ಶ್ರುತಿ ಮಾಡಿದ್ದರೂ ಉದ್ದ ಸ್ವರಗಳು ಕೂಡಲಿಲ್ಲ. ಚೆಲ್ಲೊ ಗುಂಯ್‌ಗುಡುತ್ತಿತ್ತು, ವಯೋಲ ಕೇಳಿಸಲೇ ಇಲ್ಲ ಎಂದರು ಹಿಂದಿನ ಸಾಲಿನವರು. ಒಬ್ಬರು ಮೆಟ್ರೊನೋಮ್ (ಎಣಿಕೆ ಸದ್ದು ಮಾಡುವ ಯಂತ್ರ) ಇಟ್ಟು ಇನ್ನಷ್ಟು ಸಾಧನೆ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಮೊದಲ ವಯಲಿನ್ ಹಿಂದೆ ಉಳಿದವರು ಹೋದರೆ ಸಾಕು ಅನ್ನುತ್ತಾರೆ. ಕೂರುವ ಕ್ರಮ ಬದಲಿಸಿ ಅಂದವರಿದ್ದಾರೆ, ಕೈ ನಡುಕಕ್ಕೆ ಮಾತ್ರೆ ತೆಗೆದುಕೊಳ್ಳಿ ಅಂದವರೂ ಇದ್ದಾರೆ. ಯಾವುದನ್ನು ನಂಬುವುದು?

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ, ಆದರೆ ಅವುಗಳ ಬೇರು ಬಹುಮಟ್ಟಿಗೆ ಒಂದೇ. ನಿಮ್ಮ ಸಾಧನೆ ಕಡಿಮೆಯಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಚಿಕ್ಕ ಕೋಣೆಯಲ್ಲಿ ಪಕ್ಕದವರ ಕಮಾನು ತಂತಿಗೆ ತಾಗುವ ಸಣ್ಣ ಕರಕರ ಸದ್ದೂ ಕಿವಿಗೆ ಬೀಳುತ್ತದೆ. ಮಾತಿನಲ್ಲಿ ವ್ಯಂಜನ ಇದ್ದಂತೆ ಅದು, ಸ್ವರ ಎಲ್ಲಿ ಶುರುವಾಯಿತು ಎಂದು ತಿಳಿಸುವುದು ಅದೇ. ನಿಮಗೇ ಗೊತ್ತಿಲ್ಲದಂತೆ ನೀವು ನಾಲ್ವರೂ ಅದನ್ನು ಹಿಡಿದುಕೊಂಡೇ ಕೂಡುತ್ತಿದ್ದಿರಿ. ಎತ್ತರದ ಸಭಾಂಗಣದಲ್ಲಿ ಒಂದು ಸ್ವರದ ಅನುರಣನ, ಅಂದರೆ ಸ್ವರ ನಿಂತ ಮೇಲೂ ಉಳಿಯುವ ಗುಂಗು, ಮುಂದಿನ ಸ್ವರದ ಆರಂಭವನ್ನು ಮುಚ್ಚಿಬಿಡುತ್ತದೆ. ಕೋಣೆಯ ಅನುರಣನ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಚೇಂಬರ್ ಸಂಗೀತಕ್ಕೆ (ಕೆಲವೇ ವಾದಕರ ಸಂಗೀತಕ್ಕೆ) ಒಳ್ಳೆಯದೆನಿಸುವ ಸಭಾಂಗಣದಲ್ಲಿ ಅದು ಒಂದೂವರೆ ಸೆಕೆಂಡಿನ ಹತ್ತಿರ ಇರುತ್ತದೆ, ಕಲ್ಲಿನ ಹಳೆಯ ಚರ್ಚುಗಳಲ್ಲಿ ಮೂರು ಸೆಕೆಂಡನ್ನೂ ದಾಟುತ್ತದೆ. ಆಧಾರ ಕೈತಪ್ಪಿದಾಗ ಪ್ರತಿಯೊಬ್ಬರೂ ತಮ್ಮ ಪಾಲಿನ ಸ್ವರಗಳಿಗೆ ಅಂಟಿಕೊಳ್ಳುತ್ತಾರೆ, ನಾಲ್ಕು ಜನ ನಾಲ್ಕು ತುಣುಕಾಗುತ್ತಾರೆ. ನೀವು ನಿಮ್ಮ ನಿಮ್ಮ ಪಾಲನ್ನು ಕಲಿತಿದ್ದೀರಿ. ಈ ಬಾರಿನಲ್ಲಿ (ಬಾರು ಎಂದರೆ ಬರೆದ ಸಂಗೀತದಲ್ಲಿ ತಾಳದ ಒಂದು ಅಳತೆ) ನಾನು ಯಾರ ಸದ್ದಿನ ಮೇಲೆ ಒರಗಬೇಕು ಎಂಬುದನ್ನು ಮಾತ್ರ ಇನ್ನೂ ಕಲಿತಿಲ್ಲ. ಆರು ವಾರದಲ್ಲಿ ಕಲಿಯಬೇಕಾದದ್ದು ಅದು, ಮತ್ತು ಅದಕ್ಕೆ ಆರು ವಾರ ಸಾಕು.

ಮೊದಲು ಕಾರ್ಯಕ್ರಮದ ಲೆಕ್ಕ. ಹೈಡನ್‌ನದು 20ರಿಂದ 22 ನಿಮಿಷ, ಬೀಥೋವನ್‌ನದು 23ರಿಂದ 25. ಎರಡೂ ಪೂರ್ತಿ ಹಿಡಿಯುವುದಿಲ್ಲ. ಒಳಬರುವುದು, ಚಪ್ಪಾಳೆ, ಶ್ರುತಿ, ಭಾಗಗಳ ನಡುವಿನ ಉಸಿರು ಎಲ್ಲ ಸೇರಿ ನಾಲ್ಕೈದು ನಿಮಿಷ ಹೋಗುತ್ತದೆ, ಆದ್ದರಿಂದ 35 ನಿಮಿಷ ಅಂದರೆ ಸಂಗೀತಕ್ಕೆ 30. ಪುನರಾವರ್ತನೆಗಳನ್ನೆಲ್ಲ ಬಿಟ್ಟು ಎರಡನ್ನೂ ತುರುಕಬಹುದು, ಆದರೆ ಆಗಲೂ ಸಮಯ ಅಂಚಿನಲ್ಲೇ ಇರುತ್ತದೆ, ಆ ಆತಂಕವೇ ಕೈಯನ್ನು ಓಡಿಸುತ್ತದೆ. ಎರಡರಿಂದಲೂ ಎರಡೆರಡು ಭಾಗ ಆರಿಸಿದರೆ ಸಮಯ ಹೊಂದುತ್ತದೆ, ಆದರೆ ಕೃತಿಯ ಏರಿಳಿತ ಮುರಿಯುತ್ತದೆ, ಮತ್ತು ಪ್ರತಿ ಭಾಗಕ್ಕೂ ಹೊಸದಾಗಿ ಕಾವು ಏರಿಸಿಕೊಳ್ಳಬೇಕಾಗುತ್ತದೆ. ಎಂಟು ತಿಂಗಳ ತಂಡಕ್ಕೆ ಅದು ಭಾರ. ನನ್ನ ಸಲಹೆ: ಒಂದನ್ನು ಪೂರ್ತಿ ನುಡಿಸಿ, ಉಳಿದ ಸಮಯಕ್ಕೆ ಒಂದೇ ಭಾಗದ ಚಿಕ್ಕ ಕೃತಿ ಇಡಿ. ಪುಚ್ಚೀನಿಯ ‘ಕ್ರಿಸಾಂತೆಮಿ’ ಆರೇಳು ನಿಮಿಷದ್ದು, ನಿಧಾನಗತಿಯದು, ಬೆರಳಿಗೆ ಕಷ್ಟವಲ್ಲ. ಆದರೆ ಅದು ಸಿ ಶಾರ್ಪ್ ಮೈನರ್‌ನಲ್ಲಿದೆ, ಖಾಲಿ ತಂತಿಗಳ (ಬೆರಳೊತ್ತದೆ ನುಡಿಸುವ ತಂತಿಗಳ) ಆಸರೆ ಕಡಿಮೆ, ಶ್ರುತಿಯ ದೋಷ ಬೆತ್ತಲೆಯಾಗಿ ಕೇಳಿಸುತ್ತದೆ. ಹೊಸದೇನೂ ಬೇಡವೆಂದರೆ ಬೀಥೋವನ್ ಪೂರ್ತಿ ಇಟ್ಟುಕೊಂಡು, ಅದಕ್ಕೆ ಮೊದಲು ಹೈಡನ್‌ನ ಎರಡನೇ ಭಾಗವನ್ನಷ್ಟೇ ನುಡಿಸಬಹುದು.

ಯಾವುದನ್ನು ಉಳಿಸಿಕೊಳ್ಳುವುದು? ನಿಮ್ಮ ಮೆಚ್ಚುಗೆಯನ್ನು ಕೇಳಬೇಡಿ. ಎರಡು ದಿನ, ಬೆಳಗಿನ ಮೊದಲ ಕೆಲಸವಾಗಿ, ಕೈ ಬಿಸಿಯಾಗುವ ಮುನ್ನ, ಒಂದು ದಿನ ಒಂದರ ಕೊನೆಯ ಭಾಗ, ಮರುದಿನ ಇನ್ನೊಂದರದು, ನಿಲ್ಲಿಸದೆ ನುಡಿಸಿ ಧ್ವನಿಮುದ್ರಿಸಿ. ತಣ್ಣಗಿನ ಕೈಯಲ್ಲಿ ಯಾವುದು ಕೂಡಿ ನಿಲ್ಲುತ್ತದೋ ಅದನ್ನು ಉಳಿಸಿ. ಈ ಎರಡು ಕೃತಿಗಳು ಅಚ್ಚಾದದ್ದು ಕೇವಲ ಎರಡು ವರ್ಷಗಳ ಅಂತರದಲ್ಲಿ, ಹೈಡನ್‌ನದು 1799ರಲ್ಲಿ, ಬೀಥೋವನ್‌ನದು 1801ರಲ್ಲಿ. ಅಚ್ಚಾದಾಗ ಹೈಡನ್ ಅರವತ್ತೇಳರ ಹಿರಿಯ, ಬೀಥೋವನ್ ಮೂವತ್ತರ ತರುಣ. ಎರಡನ್ನೂ ಒಟ್ಟಿಗೆ ಕೇಳಿಸಬೇಕೆಂಬ ನಿಮ್ಮ ಆಸೆ ಒಳ್ಳೆಯದೇ, ಅದಕ್ಕೆ ಒಂದು ಗಂಟೆಯ ಕಛೇರಿ ಬರುವವರೆಗೆ ಕಾಯಿರಿ.

ಈಗ ಓಡುವ ಲಯ. ಮೆಟ್ರೊನೋಮ್ ಇಟ್ಟುಕೊಂಡರೆ ಓಟ ನಿಲ್ಲುತ್ತದೆ ಎಂಬ ನಂಬಿಕೆ ಅರ್ಧ ನಿಜ. ಪ್ರತಿ ಎಣಿಕೆಗೂ ಟಕ್ ಟಕ್ ಎನ್ನುತ್ತಿದ್ದರೆ ನಾಲ್ವರೂ ಆ ಯಂತ್ರವನ್ನು ಕೇಳುತ್ತೀರಿ, ಒಬ್ಬರನ್ನೊಬ್ಬರು ಕೇಳುವುದಿಲ್ಲ. ಕಛೇರಿಯ ದಿನ ಯಂತ್ರ ಇರುವುದಿಲ್ಲ. ಅದರ ನಿಜವಾದ ಉಪಯೋಗ ತಪಾಸಣೆಗೆ: ಭಾಗದ ಮೊದಲ ನಾಲ್ಕು ಬಾರುಗಳ ವೇಗ ಅಳೆಯಿರಿ, ಯಂತ್ರ ನಿಲ್ಲಿಸಿ, ನುಡಿಸಿ, ಕೊನೆಯ ನಾಲ್ಕು ಬಾರುಗಳನ್ನು ಮತ್ತೆ ಅಳೆಯಿರಿ. ಇಟ್ಟುಕೊಂಡೇ ನುಡಿಸುವುದಾದರೆ ಎರಡು ಬಾರುಗಳಿಗೆ ಒಂದೇ ಸಲ ಸದ್ದು ಮಾಡುವಂತೆ ಇಡಿ. ನಡುವಿನ ಜಾಗ ತುಂಬುವ ಕೆಲಸ ನಿಮ್ಮದಾಗುತ್ತದೆ, ಓಟ ಎಲ್ಲಿ ಹುಟ್ಟುತ್ತದೆ ಎಂದು ಆಗ ಬಯಲಾಗುತ್ತದೆ. ಬಹಳ ಸಲ ಅದು ಹುಟ್ಟುವುದು ಸದ್ದು ಏರುವ ಕಡೆ, ತಂತಿಯಿಂದ ತಂತಿಗೆ ಕಮಾನು ದಾಟುವ ಕಡೆ, ಮತ್ತು ಎಣಿಕೆಯ ನಡುವೆ ಬೀಳುವ ಸ್ವರಗಳನ್ನು ಒಬ್ಬರು ಹಿಡಿದಿರುವ ಕಡೆ.

ಇದಕ್ಕೆ ಮದ್ದು ಲಯ ಯಾರ ಕೈಯಲ್ಲಿದೆ ಎಂದು ತಿಳಿಯುವುದು. ಯಾವುದೇ ಬಾರಿನಲ್ಲಿ ಅತಿ ಸಣ್ಣ ಸ್ವರಗಳು ನಿರಂತರವಾಗಿ ಯಾರಲ್ಲಿ ಹರಿಯುತ್ತಿವೆಯೋ ಅವರೇ ಆ ಹೊತ್ತಿನ ಯಜಮಾನರು. ಮೊದಲ ವಯಲಿನ್ ಹಿಂದೆ ಎಲ್ಲರೂ ಹೋಗಬೇಕು ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ. ನಿಮ್ಮ ಬೀಥೋವನ್‌ನ ಆರಂಭವನ್ನೇ ನೋಡಿ: ರಾಗ ಮೊದಲ ವಯಲಿನ್‌ನಲ್ಲಿ ಕೆಳಗಿನಿಂದ ಏರುತ್ತದೆ, ಅದರಡಿಯಲ್ಲಿ ಸಿ ಸ್ವರವನ್ನು ಒಂದೇ ಸಮನೆ ಮಿಡಿಯುತ್ತಿರುವುದು ನಿಮ್ಮ ಚೆಲ್ಲೊ. ನೀವು ಆ ಮಿಡಿತವನ್ನು ವಯಲಿನ್‌ಗೆ ಹೊಂದಿಸಲು ಹೋದರೆ, ವಯಲಿನ್ ನಿಮಗೆ ಹೊಂದಿಸಲು ಹೋದರೆ, ಇಬ್ಬರೂ ಪರಸ್ಪರ ಬೆನ್ನಟ್ಟುತ್ತಾ ಓಡುತ್ತೀರಿ. ಮಿಡಿತ ನಿಮ್ಮದು, ರಾಗ ಅದರ ಮೇಲೆ ತೇಲಬೇಕು. ಎರಡನೇ ಭಾಗವನ್ನು ಒಂಟಿಯಾಗಿ ಶುರು ಮಾಡುವುದು ಎರಡನೇ ವಯಲಿನ್, ಅಲ್ಲಿ ಮೊದಲ ವಯಲಿನ್ ತಲೆ ಆಡಿಸಿ ಸನ್ನೆ ಕೊಟ್ಟರೆ ಅಡ್ಡಿಯೇ ಹೊರತು ಸಹಾಯವಲ್ಲ. ಪೂರ್ತಿ ಸ್ಕೋರ್ (ನಾಲ್ವರ ಪಾಲೂ ಒಟ್ಟಿಗೆ ಇರುವ ಹಾಳೆ) ಮುಂದಿಟ್ಟುಕೊಂಡು ನಾಲ್ವರೂ ಕೂತು, ಪ್ರತಿ ಪುಟದಲ್ಲಿ ಆ ಸಣ್ಣ ಸ್ವರಗಳ ಯಜಮಾನ ಯಾರು ಎಂದು ಪೆನ್ಸಿಲಿನಲ್ಲಿ ಅವರವರ ಹಾಳೆಯಲ್ಲಿ ಒಂದಕ್ಷರ ಬರೆದುಕೊಳ್ಳಿ. ಒಂದು ಕ್ವಾರ್ಟೆಟ್‌ಗೆ ಮೂರು ಗಂಟೆ ಹಿಡಿಯುತ್ತದೆ. ವಾದ್ಯ ಮುಟ್ಟದ ಆ ಮೂರು ಗಂಟೆಗಿಂತ ಲಾಭದ ತಾಲೀಮು ಇನ್ನೊಂದಿಲ್ಲ.

ನಂತರ ಜೋಡಿಗಳಲ್ಲಿ ನುಡಿಸಿ. ನಾಲ್ವರಲ್ಲಿ ಆರು ಜೋಡಿಗಳಾಗುತ್ತವೆ, ಜೋಡಿಗೆ ಐದು ನಿಮಿಷ ಅಂದರೆ ಅರ್ಧ ಗಂಟೆ. ಎರಡನೇ ವಯಲಿನ್ ಮತ್ತು ವಯೋಲ ಮಾತ್ರ ನುಡಿಸಿದಾಗ ನಿಮ್ಮ ತಂಡದ ನಿಜವಾದ ಸ್ಥಿತಿ ಕೇಳಿಸುತ್ತದೆ. ಹೈಡನ್‌ನ ಮಿನ್ಯುಎಟ್ (ಮೂರೆಣಿಕೆಯ ನೃತ್ಯದ ಧಾಟಿಯ ಭಾಗ) ಈ ಅಭ್ಯಾಸಕ್ಕೆಂದೇ ಬರೆದಂತಿದೆ: ಎರಡು ವಯಲಿನ್‌ಗಳು ಒಂದು ಸ್ಥಾಯಿಯ ಅಂತರದಲ್ಲಿ ಒಂದೇ ರಾಗ ಹಿಡಿಯುತ್ತವೆ, ಒಂದು ಬಾರು ತಡವಾಗಿ ವಯೋಲ ಮತ್ತು ಚೆಲ್ಲೊ ಅದನ್ನೇ ಹಿಂಬಾಲಿಸುತ್ತವೆ. ನೀವು ಹೈಡನ್‌ನನ್ನು ಕೈಬಿಟ್ಟರೂ ಈ ಮಿನ್ಯುಎಟ್ ಅನ್ನು ದಿನದ ಮೊದಲ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ. ಬೆನ್ನು ಬೆನ್ನು ಮಾಡಿ ಕೂತು ನುಡಿಸುವುದೂ ಒಳ್ಳೆಯದು, ಕಣ್ಣು ಮುಚ್ಚಿದರೆ ಕಿವಿ ತೆರೆಯುತ್ತದೆ.

ಸನ್ನೆಯ ಬಗ್ಗೆ ಒಂದು ಮಾತು. ಸನ್ನೆ ಎಂದರೆ ಈಗ ಶುರು ಎಂದು ತೋರಿಸುವ ತಲೆದೂಗು ಅಲ್ಲ. ಮುಂದಿನ ಸ್ವರದ ಒಂದು ಎಣಿಕೆ ಮೊದಲು, ಅದೇ ವೇಗದಲ್ಲಿ, ಅದೇ ಗುಣದಲ್ಲಿ ತೆಗೆದುಕೊಳ್ಳುವ ಉಸಿರು ಅದು. ಮೆತ್ತಗಿನ ಆರಂಭಕ್ಕೆ ಮೆತ್ತಗಿನ ಉಸಿರು, ಚೂಪಾದ ಆರಂಭಕ್ಕೆ ಚೂಪಾದದ್ದು. ನಾಲ್ವರೂ ಒಟ್ಟಿಗೆ ಉಸಿರೆಳೆದರೆ ಸನ್ನೆ ಕೊಟ್ಟವರನ್ನು ನೋಡುವ ಅಗತ್ಯವೂ ಬೀಳುವುದಿಲ್ಲ.

ನಿಮ್ಮ ಕೊನೆಯ ಭಾಗದ ಓಟಕ್ಕೆ ಇನ್ನೊಂದು ಕಾರಣ ಇದೆ. ಜನರ ಮುಂದೆ ಎದೆ ಬಡಿತ ಏರಿದಾಗ ಸರಿಯಾದ ವೇಗವೂ ನಿಧಾನ ಅನ್ನಿಸುತ್ತದೆ, ಹಾಗಾಗಿ ಶುರುವೇ ಹೆಚ್ಚಿನ ವೇಗದಲ್ಲಿ ಆಗುತ್ತದೆ. ಮೊದಲು ಪ್ರೆಸ್ಟಿಸ್ಸಿಮೊವನ್ನು ನಾಲ್ವರೂ ಸ್ವಚ್ಛವಾಗಿ ನುಡಿಸಬಲ್ಲ ಗರಿಷ್ಠ ವೇಗ ಕಂಡುಕೊಳ್ಳಿ. ರೊಂಡೊ, ಅಂದರೆ ಆ ಕೊನೆಯ ಭಾಗ, ಅದರ ಮುಕ್ಕಾಲಿಗಿಂತ ತುಸು ಹೆಚ್ಚಿನ ವೇಗದಲ್ಲಿ ಶುರುವಾಗಲಿ, ಅಂದರೆ ಪ್ರೆಸ್ಟಿಸ್ಸಿಮೊ ನಿಮಿಷಕ್ಕೆ 160 ಎಣಿಕೆ ಆದರೆ ರೊಂಡೊ 124ರ ಸುತ್ತ. ವೇದಿಕೆಯಲ್ಲಿ ಶುರು ಮಾಡುವ ಮುನ್ನ ಮೊದಲ ಬಾರನ್ನು ಮನಸ್ಸಿನಲ್ಲಿ ಹಾಡಿಕೊಳ್ಳಬೇಡಿ, ಆ ಭಾಗದ ಅತಿ ಕಷ್ಟದ ನಾಲ್ಕು ಬಾರುಗಳನ್ನು ಹಾಡಿಕೊಳ್ಳಿ, ವೇಗ ತಾನಾಗಿ ಸರಿಯಾಗುತ್ತದೆ. ಮೂರನೇ ಭಾಗದಲ್ಲೂ ಒಂದು ಬಲೆ ಇದೆ: ಟ್ರಿಯೋ (ನಡುವಿನ ತುಣುಕು) ಮುಗಿದು ಮಿನ್ಯುಎಟ್ ಮರಳಿ ಬರುವಾಗ ಅದನ್ನು ಇನ್ನೂ ವೇಗವಾಗಿ ನುಡಿಸಬೇಕೆಂದು ಬೀಥೋವನ್ ಬರೆದಿದ್ದಾನೆ. ಎಷ್ಟು ವೇಗ, ಅದನ್ನು ಯಾರ ಉಸಿರು ಹೇಳುತ್ತದೆ ಎಂದು ಇಂದೇ ತೀರ್ಮಾನಿಸಿ. ಬಹಳ ತಂಡಗಳು ಇದನ್ನು ವೇದಿಕೆಯ ಮೇಲೆ ತೀರ್ಮಾನಿಸಲು ಹೋಗಿ ಎರಡು ಬಾರು ಕಳೆದುಕೊಳ್ಳುತ್ತವೆ.

ಶ್ರುತಿಯ ವಿಷಯಕ್ಕೆ ಬರೋಣ. ಟ್ಯೂನರ್‌ನಲ್ಲಿ ಹಸಿರು ದೀಪ ಹತ್ತಿದರೆ ಶ್ರುತಿ ಸರಿ ಎಂಬುದು ತಪ್ಪು ತಿಳಿವಳಿಕೆ. ಟ್ಯೂನರ್ ಅಳೆಯುವುದು ಪಿಯಾನೊದಂತೆ ಸಮಪಾಲು ಮಾಡಿದ ಸ್ವರಸ್ಥಾನಗಳನ್ನು. ಅಲ್ಲಿ ಷಡ್ಜದಿಂದ ಅಂತರ ಗಾಂಧಾರಕ್ಕೆ 400 ಸೆಂಟ್ (ಸ್ವರಗಳ ಅಂತರದ ಅಳತೆ), ಒಂದು ಸ್ವರಸ್ಥಾನಕ್ಕೆ ನೂರರಂತೆ. ಕಿವಿಗೆ ನಿಶ್ಚಲವಾಗಿ ಕೂಡುವ ಶುದ್ಧ ಅಂತರ ಗಾಂಧಾರ ಇರುವುದು 386ರಲ್ಲಿ, 14 ಸೆಂಟ್ ಕೆಳಗೆ. ಸಾಧಾರಣ ಗಾಂಧಾರ, ಅಂದರೆ ಮೈನರ್‌ನ ಮೂರನೇ ಸ್ವರ, ಟ್ಯೂನರ್‌ನಲ್ಲಿ 300, ಶುದ್ಧವಾಗಿ 316. ನಿಮ್ಮ ಸಿ ಮೈನರ್ ಕೃತಿಯಲ್ಲಿ, ಅಂದರೆ ಬೀಥೋವನ್‌ನದರಲ್ಲಿ, ಎಲ್ಲರೂ ಕೂಡಿ ಹಿಡಿಯುವ ಉದ್ದದ ಸ್ವರಗುಚ್ಛಗಳಲ್ಲಿ ಇ ಫ್ಲ್ಯಾಟ್ ಯಾರಲ್ಲಿದೆಯೋ ಅವರು ಟ್ಯೂನರ್ ತೋರಿಸುವುದಕ್ಕಿಂತ ಒಂದು ಕೂದಲೆಳೆ ಮೇಲೆ ಇರಬೇಕು. ಫ್ಲ್ಯಾಟ್ ಎಂದರೆ ಕೆಳಗೆ ಒತ್ತಬೇಕು ಎಂದು ಒಂಟಿ ನುಡಿಸಾಣಿಕೆಯಲ್ಲಿ ಕಲಿತ ಕೈ ಅಲ್ಲಿ ತಪ್ಪು ದಾರಿ ಹಿಡಿಯುತ್ತದೆ. ಹಾಗೆಯೇ ಬಿ ಸ್ವರ ಸಿಯತ್ತ ಏರುವ ರಾಗದಲ್ಲಿದ್ದರೆ ತುಸು ಎತ್ತರ ಚೆಂದ, ಅದೇ ಬಿ ಜಿ ಮೇಜರ್ ಗುಚ್ಛದ ನಡುವೆ ನಿಂತಿದ್ದರೆ ಕೆಳಗಿರಬೇಕು. ಚಲಿಸುವ ರಾಗಕ್ಕೆ ಸ್ವಾತಂತ್ರ್ಯ ಇದೆ, ನಿಂತ ಸ್ವರಕ್ಕೆ ಇಲ್ಲ ಎಂದು ನೆನಪಿಡಿ.

ಗುಚ್ಛವನ್ನು ಕಟ್ಟುವ ಕ್ರಮ ಇದು. ಬೆರಳಿನ ಕಂಪನ ಇಲ್ಲದೆ, ಮೆಲ್ಲಗೆ, ಮೊದಲು ಚೆಲ್ಲೊ ತಳದ ಸ್ವರ ಹಿಡಿಯಲಿ. ಅದರ ಮೇಲಿನ ಸ್ಥಾಯಿಯ ಅದೇ ಸ್ವರ ಇರುವವರು ಸೇರಲಿ, ಆಮೇಲೆ ಪಂಚಮದ ಸ್ಥಾನದವರು, ಎಲ್ಲಕ್ಕಿಂತ ಕೊನೆಗೆ ಗಾಂಧಾರದವರು. ಸದ್ದಿನಲ್ಲಿ ಅಲೆಯಂತಹ ಕುಲುಕು ನಿಂತು, ಯಾರೂ ನುಡಿಸದ ಒಂದು ತಗ್ಗಿನ ಸ್ವರ ಕೇಳಿಬಂದಂತೆ ಅನಿಸಿದರೆ ಗುಚ್ಛ ಕೂಡಿದೆ. ದಿನಕ್ಕೆ ಹತ್ತು ಗುಚ್ಛ ಸಾಕು, ಹೆಚ್ಚಾದರೆ ಕಿವಿ ದಣಿದು ತಪ್ಪನ್ನೇ ಒಪ್ಪಿಕೊಳ್ಳುತ್ತದೆ.

ಖಾಲಿ ತಂತಿಗಳಲ್ಲೂ ಒಂದು ಸಿಕ್ಕಿದೆ, ನಿಮ್ಮ ತೊಂದರೆಯ ಒಂದು ಪಾಲು ಅಲ್ಲೇ ಇರಬಹುದು. ಪ್ರತಿಯೊಬ್ಬರೂ ಎ ತಂತಿಯಿಂದ ಶುರು ಮಾಡಿ ಶುದ್ಧ ಷಡ್ಜ–ಪಂಚಮ ಅಂತರದಲ್ಲಿ, ಅಂದರೆ 702 ಸೆಂಟ್‌ನಂತೆ, ಒಂದೊಂದೇ ತಂತಿ ಕೂಡಿಸಿದರೆ ಚೆಲ್ಲೊದ ತಳದ ಸಿಗೂ ವಯಲಿನ್‌ನ ಮೇಲಿನ ಇಗೂ ನಡುವಿನ ಗಾಂಧಾರ 408ಕ್ಕೆ ಬಂದು ನಿಲ್ಲುತ್ತದೆ. ಶುದ್ಧಕ್ಕಿಂತ 22 ಸೆಂಟ್ ಅಗಲ, ಕಿವಿಗೆ ಚುಚ್ಚುವಷ್ಟು. ಅದಕ್ಕೇ ಕ್ವಾರ್ಟೆಟ್‌ಗಳು ಈ ಅಂತರಗಳನ್ನು ಕೂದಲಿನಷ್ಟು ಕುಗ್ಗಿಸುತ್ತವೆ. ಎ ಕೊಡುವುದು ನೀವೇ ಆಗಿರಿ. ಆಮೇಲೆ ನಿಮ್ಮ ಜಿ, ಸಿ ತಂತಿಗಳನ್ನು ಶುದ್ಧಕ್ಕಿಂತ ಒಂದಿಷ್ಟು ಮೇಲೆ ನಿಲ್ಲಿಸಿ, ವಯೋಲ ತನ್ನ ಸಿ, ಜಿಗಳನ್ನು ನಿಮ್ಮದಕ್ಕೆ ಒಂದೊಂದಾಗಿ ಹೊಂದಿಸಲಿ, ಕೊನೆಗೆ ನಿಮ್ಮ ಸಿ ಮತ್ತು ವಯಲಿನ್‌ನ ಇ ಒಟ್ಟಿಗೆ ನುಡಿಸಿ ನೋಡಿ. ಪೂರ್ತಿ ಶುದ್ಧವಾಗದು, ಒಪ್ಪುವಷ್ಟಾದರೆ ಸಾಕು. ಬೀಥೋವನ್‌ನ ಎರಡನೇ ಭಾಗ ಸಿ ಮೇಜರ್‌ನಲ್ಲಿರುವುದರಿಂದ ಅಲ್ಲಿ ಈ ಕೆಲಸದ ಫಲ ನೇರವಾಗಿ ಕೇಳಿಸುತ್ತದೆ.

ಕೂರುವ ಕ್ರಮ ಬದಲಿಸಬೇಕೆ? ದೂರ ಕೂತರೆ ಸದ್ದು ತಡವಾಗಿ ತಲುಪಿ ಲಯ ತಪ್ಪುತ್ತದೆ ಎಂಬ ಮಾತು ಕೇಳಿರುತ್ತೀರಿ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಸಾಕು, ಎರಡೂವರೆ ಮೀಟರಿಗೆ 7ರ ಆಸುಪಾಸು. ಅದು ಲಯ ಕೆಡಿಸುವಷ್ಟಲ್ಲ. ದೂರ ಹೆಚ್ಚಿದಾಗ ಕಳೆದುಹೋಗುವುದು ಆ ವ್ಯಂಜನದ ಸದ್ದು. ಆದ್ದರಿಂದ ಹತ್ತಿರ ಕೂರಿ, ಕಮಾನುಗಳು ತಾಗದಷ್ಟು ಅಂತರ ಸಾಕು. ವಯೋಲ ಸಭೆಗೆ ಹತ್ತಿರದ ಹೊರತುದಿಯಲ್ಲಿದ್ದರೆ ಅದರ ಮೇಲುಹಲಗೆಯಲ್ಲಿ ಸದ್ದು ಹೊರಬರುವ ಸೀಳುಗಳು ವೇದಿಕೆಯ ಹಿಂದಕ್ಕೆ ಮುಖ ಮಾಡುತ್ತವೆ. ಆಗ ವಯೋಲ ನುಡಿಸುವವರು ಕುರ್ಚಿಯನ್ನು ಸಭೆಯತ್ತ ತಿರುಗಿಸಿಕೊಳ್ಳಬೇಕು, ಅಥವಾ ಚೆಲ್ಲೊ ಹೊರಗೆ, ವಯೋಲ ಒಳಗೆ ಬರಬೇಕು. ಒಳಗಿನ ವಯೋಲ ಸಭೆಗೆ ಹೆಚ್ಚು ನೇರವಾಗಿ ಕೇಳಿಸುತ್ತದೆ, ಆದರೆ ಇಷ್ಟು ದಿನ ಪಕ್ಕದಲ್ಲಿ ಕೇಳುತ್ತಿದ್ದವರು ಎದುರಿಗೆ ಹೋಗುತ್ತಾರೆ, ಕಿವಿ ಹೊಸದಾಗಿ ಕಲಿಯಬೇಕು. ಹತ್ತು ತಾಲೀಮು ಸಿಗುವುದಾದರೆ ಈ ವಾರವೇ ಬದಲಿಸಿ. ಕೊನೆಯ ಎರಡು ವಾರದಲ್ಲಿ ಮುಟ್ಟಲೇಬೇಡಿ.

ನಿಮ್ಮ ಚೆಲ್ಲೊ ಗುಂಯ್‌ಗುಟ್ಟಿದ್ದು ಬಹುಶಃ ವೇದಿಕೆಯ ಕೆಲಸ. ಟೊಳ್ಳು ಮರದ ವೇದಿಕೆಗೆ ಕಾಲುಮೊಳೆ (ಚೆಲ್ಲೊವನ್ನು ನೆಲಕ್ಕೆ ನಿಲ್ಲಿಸುವ ಚೂಪು ಕಡ್ಡಿ) ಊರಿದರೆ ಇಡೀ ಹಲಗೆ ನಿಮ್ಮ ವಾದ್ಯದ ಒಡಲಾಗುತ್ತದೆ. ಮೊಳೆಯ ಕೆಳಗೆ ದಪ್ಪ ರಬ್ಬರ್ ತುಂಡು ಅಥವಾ ಭಾರದ ಹಲಗೆ ಇಟ್ಟು ನೋಡಿ, ವೇದಿಕೆಯ ನಟ್ಟನಡುವಿನಿಂದ ಅರ್ಧ ಮೀಟರ್ ಸರಿದು ನೋಡಿ. ಕಲ್ಲಿನ ನೆಲದಲ್ಲಿ ಇದಕ್ಕೆ ತದ್ವಿರುದ್ಧ, ಚೆಲ್ಲೊ ಬಡವಾಗುತ್ತದೆ. ಅನುರಣನ ಹೆಚ್ಚಿದ್ದರೆ ತಗ್ಗಿನ ಸ್ವರಗಳನ್ನು ಬರೆದದ್ದಕ್ಕಿಂತ ತುಸು ಬೇಗ ಬಿಡಿ. ಒಂದು ಫೋನನ್ನು ಹತ್ತು ಹನ್ನೆರಡು ಮೀಟರ್ ದೂರ ಇಟ್ಟು ಧ್ವನಿಮುದ್ರಿಸಿದರೆ ಇವೆಲ್ಲ ನಿಮಗೇ ಕೇಳಿಸುತ್ತವೆ. ಕುರ್ಚಿಯ ಬಳಿ ಇಟ್ಟ ಫೋನು ಸುಳ್ಳು ಹೇಳುತ್ತದೆ.

ನಾಲ್ವರ ಹಾಳೆಗಳೂ ಒಂದೇ ಮುದ್ರಣದವೇ ಎಂದು ನೋಡಿಕೊಳ್ಳಿ. ಉಚಿತವಾಗಿ ಸಿಗುವ ಹಳೆಯ ಮುದ್ರಣಗಳ ಪ್ರತಿಗಳಲ್ಲಿ ಕಮಾನಿನ ಗುರುತು, ತಾಲೀಮಿನಲ್ಲಿ ಜಾಗ ಹೇಳಲು ಹಾಕಿದ ಅಕ್ಷರಗಳು ಬೇರೆ ಬೇರೆ ಇರುತ್ತವೆ, ತಾಳ ತಪ್ಪಿದಾಗ ಅದು ನೇರ ಅಪಾಯ. ಪ್ರತಿ ಭಾಗದಲ್ಲಿ ನಾಲ್ಕೈದು ತಂಗುದಾಣಗಳನ್ನು ಒಪ್ಪಿಕೊಳ್ಳಿ. ಯಾರಾದರೂ ದಾರಿ ತಪ್ಪಿದರೆ ಅವರು ಸುಮ್ಮನಾಗಿ ಮುಂದಿನ ತಂಗುದಾಣದಲ್ಲಿ ಸೇರಬೇಕು, ಉಳಿದವರು ನಿಲ್ಲಿಸಬಾರದು. ಇದನ್ನು ತಾಲೀಮಿನಲ್ಲಿ ಬೇಕೆಂದೇ ಮಾಡಿ: ಒಬ್ಬರು ಎಲ್ಲೋ ನಿಂತುಬಿಡಲಿ, ಮತ್ತೆ ಸೇರಲಿ. ಮೂರು ಸಲ ಮಾಡಿದರೆ ಬಿದ್ದರೇನು ಗತಿ ಎಂಬ ಭಯವೇ ಹೋಗುತ್ತದೆ.

ಮಾತ್ರೆಯ ಬಗ್ಗೆ. ಪ್ರೊಪ್ರನೊಲಾಲ್‌ನಂತಹ ಔಷಧ ಎದೆಬಡಿತ, ನಡುಕ ತಗ್ಗಿಸುವುದು ನಿಜ, ಕೆಲವು ವೃತ್ತಿಪರ ವಾದಕರು ವೈದ್ಯರ ಸಲಹೆಯಂತೆ ಬಳಸುವುದೂ ನಿಜ. ಆದರೆ ಆಸ್ತಮಾ ಇರುವವರಿಗೆ ಅದು ಅಪಾಯಕಾರಿ, ರಕ್ತದೊತ್ತಡ ಇಳಿಸುತ್ತದೆ. ಗೆಳೆಯರ ಕೈಯಿಂದ ತೆಗೆದುಕೊಳ್ಳುವ ವಸ್ತು ಅದಲ್ಲ, ವೈದ್ಯರನ್ನೇ ಕೇಳಿ. ನಿಮ್ಮ ಪತ್ರ ನೋಡಿದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಮೊದಲ ನಾಲ್ಕು ವಾರದೊಳಗೆ ಬೇರೆ ಬೇರೆ ಜಾಗಗಳಲ್ಲಿ, ಹತ್ತು ಜನರ ಮುಂದಾದರೂ ಸರಿ, ಮೂರು ಸಲ ಪೂರ್ತಿ ನುಡಿಸಿ. ನಡುಕಕ್ಕೆ ಅದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ.

ತಂತಿ ಬದಲಿಸುವುದಿದ್ದರೆ ಕಛೇರಿಗೆ ಕನಿಷ್ಠ ಒಂದು ವಾರ ಮುಂಚೆ ಬದಲಿಸಿ, ಹೊಸ ತಂತಿ ಎಳೆದು ನಿಲ್ಲಲು ಕೆಲವು ದಿನ ಬೇಕು. ಕೊನೆಯ ವಾರ ಕಮಾನಿನ ದಿಕ್ಕು, ಬೆರಳು, ವೇಗ ಯಾವುದನ್ನೂ ತಿದ್ದಬೇಡಿ. ಕಛೇರಿಯ ದಿನ ವೇದಿಕೆಯ ಪರೀಕ್ಷೆಗೆ ಇಪ್ಪತ್ತು ನಿಮಿಷ ಸಿಕ್ಕರೆ ಕೃತಿಯನ್ನು ನುಡಿಸಿ ಮುಗಿಸಲು ಹೋಗಬೇಡಿ. ಕಛೇರಿಯ ದೀಪಗಳನ್ನೇ ಹಚ್ಚಿಸಿ, ಕುರ್ಚಿ, ಸ್ಟ್ಯಾಂಡ್, ಕಾಲುಮೊಳೆಯ ಜಾಗಗಳಿಗೆ ಟೇಪು ಅಂಟಿಸಿ. ಅತಿ ಜೋರಿನ ಎಂಟು ಬಾರು, ಅತಿ ಮೆದುವಿನ ಎಂಟು ಬಾರು, ಪ್ರತಿ ಭಾಗದ ಮೊದಲ ಸಾಲು, ಪ್ರೆಸ್ಟಿಸ್ಸಿಮೊಗೆ ದಾಟುವ ಜಾಗ, ಇಷ್ಟೇ. ಒಬ್ಬೊಬ್ಬರಾಗಿ ಇಳಿದು ಹೋಗಿ ಹಿಂದಿನ ಸಾಲಿನಿಂದ ಉಳಿದ ಮೂವರನ್ನು ಕೇಳಿ. ಜನ ತುಂಬಿದಾಗ ಅವರ ಬಟ್ಟೆ ಎತ್ತರದ ಸ್ವರಗಳನ್ನು ಹೀರಿಕೊಳ್ಳುತ್ತದೆ, ಅನುರಣನ ಕುಗ್ಗುತ್ತದೆ, ಖಾಲಿ ಸಭಾಂಗಣದಲ್ಲಿ ಕೇಳಿದಷ್ಟು ಗೋಜಲು ಸಂಜೆ ಇರುವುದಿಲ್ಲ. ದೀಪದ ಬಿಸಿಗೆ ಲೋಹದ ತಂತಿಗಳು ಇಳಿಯುತ್ತವೆ, ತೆರೆಮರೆಯಲ್ಲಿ ಶ್ರುತಿ ಮಾಡಿದ್ದರೂ ಕೂತ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ.

ನಡುವೆ ತಂತಿ ಕಡಿದರೆ, ಹೆಚ್ಚಾಗಿ ಕಡಿಯುವುದು ವಯಲಿನ್‌ನ ಇ, ನಿಲ್ಲಿಸಿ. ಆ ಒಬ್ಬರು ಒಳಗೆ ಹೋಗಿ ಬದಲಿಸಿಕೊಂಡು ಬರಲಿ, ಮೂವರು ಕೂತೇ ಇರಿ. ಆ ಭಾಗವನ್ನು ಮೊದಲಿನಿಂದ ಶುರು ಮಾಡಿ, ಪ್ರತಿ ಭಾಗ ಮುಗಿದ ಮೇಲೆ ಹೊಸ ತಂತಿಯ ಶ್ರುತಿ ನೋಡಲು ಅವರಿಗೆ ಹತ್ತು ಸೆಕೆಂಡ್ ಕೊಡಿ. ಹೆಚ್ಚುವರಿ ತಂತಿಯನ್ನು ಪೆಟ್ಟಿಗೆಯ ತಳದಲ್ಲಿ ಬಿಡದೆ, ಪೊಟ್ಟಣದಿಂದ ತೆಗೆದು ತೆರೆಮರೆಯ ಮೇಜಿನ ಮೇಲೆ ಇಟ್ಟಿರಿ.